‘ಫ್ರೀ ಟಿಕೆಟ್’ ಕಾರ್ಡು ತಗೊಳ್ಳೋ ಮೊದಲು ಈ ಲೆಕ್ಕ ನೋಡಿ

ಬೆಂಗಳೂರಿನ ಒಂದು ಕುಟುಂಬ, ಅಪ್ಪ ಅಮ್ಮ ಇಬ್ಬರು ಮಕ್ಕಳು. ಸಿಂಗಾಪುರ ಪ್ರವಾಸ ಅಗ್ಗ ಆಗಲಿ ಅಂತ ಟ್ರಾವೆಲ್ ಕ್ರೆಡಿಟ್ ಕಾರ್ಡು ಮಾಡಿಸಿದ್ದರು. ವರ್ಷದ ಸ್ಟೇಟ್‌ಮೆಂಟನ್ನು ಸಾಲು ಸಾಲಾಗಿ ಬಿಡಿಸಿ ನೋಡಿದಾಗ ಸಿಕ್ಕ ಲೆಕ್ಕ ಇಲ್ಲಿದೆ. ಬ್ಯಾಂಕಿನ ಹೆಸರು ಬೇಡ, ಈ ಷರತ್ತುಗಳು ಒಂದೇ ಬ್ಯಾಂಕಿನವಲ್ಲ.

ವಾರ್ಷಿಕ ಶುಲ್ಕ ₹5,000. ಜಾಹೀರಾತಿನಲ್ಲಿ ಅಷ್ಟೇ ಇರುತ್ತದೆ, 18% ಜಿಎಸ್‌ಟಿ ಸೇರಿ ಕಟ್ಟಿದ್ದು ₹5,900. ವರ್ಷಕ್ಕೆ ₹4 ಲಕ್ಷ ಖರ್ಚು ಮಾಡಿದರೆ ವಿಮಾನ ಟಿಕೆಟ್ ವೋಚರ್ ಅಂದಿದ್ದರು. ಇವರು ₹5 ಲಕ್ಷ ಉಜ್ಜಿದ್ದರು, ಆದರೂ ವೋಚರ್ ಬರಲಿಲ್ಲ. ಕಾರಣ, ಅದರಲ್ಲಿ ₹2,16,000 ಆ್ಯಪ್ ಮೂಲಕ ಕಟ್ಟಿದ ಶಾಲಾ ಫೀಸು. ಆ ಖರ್ಚಿಗೆ ರಿವಾರ್ಡ್ ಪಾಯಿಂಟೂ ಇಲ್ಲ, ಮೈಲ್‌ಸ್ಟೋನ್ (ಆ ₹4 ಲಕ್ಷದ ಗುರಿ) ಲೆಕ್ಕಕ್ಕೂ ಇಲ್ಲ. ಮೇಲಾಗಿ 1% ಶುಲ್ಕ ಮತ್ತು ಅದರ ಮೇಲೆ ಜಿಎಸ್‌ಟಿ ಸೇರಿ ₹2,549 ಹೋಗಿದೆ. ಬಾಡಿಗೆ, ವ್ಯಾಲೆಟ್‌ಗೆ ಹಾಕಿದ ದುಡ್ಡು, ಪೆಟ್ರೋಲು, ಸರ್ಕಾರಿ ಪಾವತಿ ಇವೂ ಸಾಮಾನ್ಯವಾಗಿ ಇದೇ ಪಟ್ಟಿಯಲ್ಲಿರುತ್ತವೆ. ಇನ್ಶೂರೆನ್ಸಿಗೆ ಮಿತಿ ಇರುವುದುಂಟು. ಮಧ್ಯಮವರ್ಗದ ಮನೆಯ ದೊಡ್ಡ ಖರ್ಚುಗಳೆಲ್ಲ ಇವೇ ತಾನೆ!

ಉಳಿದದ್ದು ₹2,84,000. ₹150ಕ್ಕೆ 4 ಪಾಯಿಂಟಿನಂತೆ ಹೆಚ್ಚೆಂದರೆ 7,573 ಪಾಯಿಂಟು. ನಿಜಕ್ಕೂ ಅಷ್ಟೂ ಬರುವುದಿಲ್ಲ, ಯಾಕೆಂದರೆ ಲೆಕ್ಕ ಹಾಕುವುದು ಒಂದೊಂದು ಬಿಲ್ಲಿಗೆ. ₹140 ಬಿಲ್ಲಿಗೆ ಸೊನ್ನೆ, ₹290 ಬಿಲ್ಲಿಗೂ ನಾಲ್ಕೇ. ಟಿಕೆಟ್‌ಗೆ ಬಳಸಿದರೆ ಒಂದು ಪಾಯಿಂಟಿಗೆ 30 ಪೈಸೆ, ಅಂದರೆ ಹೆಚ್ಚೆಂದರೆ ₹2,272. ಅದನ್ನು ಬಳಸಲೂ ರಿಡೆಂಪ್ಷನ್ ಶುಲ್ಕ ಬೇರೆ.

ಪೆಟ್ಟು ಬಿದ್ದಿದ್ದು ಸಿಂಗಾಪುರದಲ್ಲಿ. ಆ ₹2,84,000ದಲ್ಲಿ ₹1,50,000 ಅಲ್ಲಿಯ ಖರ್ಚು. ಫಾರೆಕ್ಸ್ ಮಾರ್ಕಪ್ (ವಿದೇಶಿ ಹಣದ ಖರ್ಚಿನ ಮೇಲೆ ಬ್ಯಾಂಕು ಹಾಕುವ ಶುಲ್ಕ) 3.5%, ಅದಕ್ಕೆ ಜಿಎಸ್‌ಟಿ ಸೇರಿ 4.13%. ₹6,195 ಸದ್ದಿಲ್ಲದೆ ಕಡಿತ. ಈಗ ಕೂಡಿ: 5,900 + 2,549 + 6,195 = ₹14,644 ಕೊಟ್ಟು ಹೆಚ್ಚೆಂದರೆ ₹2,272 ಪಡೆದಿದ್ದಾರೆ. ಮೂಗಿಗಿಂತ ಮೂಗುತಿ ಭಾರ.

ಹಾಗಾಗಿ ವಿದೇಶಕ್ಕೆ ಹೋಗುವವರು ಕಾರ್ಡು ಹೋಲಿಸುವಾಗ ಪಾಯಿಂಟು ನೋಡುವ ಮೊದಲು ಮಾರ್ಕಪ್ ನೋಡಿ. 2% ಇರುವ, ಸೊನ್ನೆ ಇರುವ ಕಾರ್ಡುಗಳೂ ಇವೆ. ಅಲ್ಲಿನ ಅಂಗಡಿಯ ಮೆಷಿನ್ ‘ರೂಪಾಯಿಯಲ್ಲಿ ಕಟ್ಟುತ್ತೀರಾ?’ ಅಂತ ಕೇಳಿದರೆ ಬೇಡ ಅನ್ನಿ, ಸಿಂಗಾಪುರ ಡಾಲರನ್ನೇ ಒತ್ತಿ. ರೂಪಾಯಿ ಒತ್ತಿದರೆ ದರ ನಿಗದಿ ಮಾಡುವುದು ಆ ಕಡೆಯವರು, ಅದು ನಿಮಗೆ ಲಾಭದ್ದಾಗಿರುವುದು ಅಪರೂಪ. ಸಾಲದ್ದಕ್ಕೆ ಇಲ್ಲಿನ ಹಲವು ಬ್ಯಾಂಕುಗಳು ಅದಕ್ಕೂ 1% ಹಾಕುತ್ತವೆ. ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆಯುವುದಂತೂ ಬೇಡವೇ ಬೇಡ, ಬಡ್ಡಿ ಅವತ್ತಿನಿಂದಲೇ ಶುರು.

ಇನ್ನು ವಿಮಾನ ನಿಲ್ದಾಣದ ಲೌಂಜ್ (ವಿಶ್ರಾಂತಿ ಕೋಣೆ) ವಿಷಯ. ‘ಉಚಿತ ಪ್ರವೇಶ’ ಅನ್ನುವುದು ಬಹುತೇಕ ಕಾರ್ಡುದಾರರೊಬ್ಬರಿಗೆ ಮಾತ್ರ. ಹೆಂಡತಿ ಮಕ್ಕಳಿಗೆ ಬೇರೆ ದುಡ್ಡು, ಇಲ್ಲವೇ ಅವರು ಹೊರಗೆ ನೀವು ಒಳಗೆ. ಈಗ ಹಲವು ಕಾರ್ಡುಗಳಲ್ಲಿ ಹಿಂದಿನ ತ್ರೈಮಾಸಿಕದಲ್ಲಿ ಇಂತಿಷ್ಟು ಖರ್ಚು ಮಾಡಿದ್ದರೆ ಮಾತ್ರ ಬಾಗಿಲು ತೆರೆಯುತ್ತದೆ. ಆ್ಯಡ್-ಆನ್ ಕಾರ್ಡಿಗೆ (ಮನೆಯವರ ಹೆಸರಿನಲ್ಲಿ ಕೊಡುವ ಹೆಚ್ಚುವರಿ ಕಾರ್ಡು) ಲೌಂಜ್ ಇದೆಯಾ ಅಂತ ಇಮೇಲ್‌ನಲ್ಲಿ ಕೇಳಿ ಉತ್ತರ ತರಿಸಿಕೊಳ್ಳಿ. ಫೋನಿನಲ್ಲಿ ಎಕ್ಸಿಕ್ಯೂಟಿವ್ ಹೇಳಿದ ಮಾತಿಗೆ ಆಮೇಲೆ ಸಾಕ್ಷಿ ಇರುವುದಿಲ್ಲ.

ಪಾಯಿಂಟನ್ನು ಏರ್‌ಲೈನ್ ಮೈಲಿಗೆ (ಟಿಕೆಟ್ ಕೊಳ್ಳಲು ಬಳಸುವ ಏರ್‌ಲೈನಿನದೇ ಪಾಯಿಂಟು) ಬದಲಿಸುವವರು ಗಮನಿಸಿ, ಒಮ್ಮೆ ಹೋದ ಪಾಯಿಂಟು ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ದಸರಾ ರಜೆಯಲ್ಲಿ ಒಂದೇ ವಿಮಾನದಲ್ಲಿ ಮೈಲಿ ಕೊಟ್ಟು ನಾಲ್ಕು ಸೀಟು ಪಡೆಯುವುದು ಕಷ್ಟ. ಮೊದಲು ಏರ್‌ಲೈನ್ ಸೈಟಿನಲ್ಲಿ ನಾಲ್ಕು ಸೀಟು ಇದೆಯಾ, ತೆರಿಗೆ ಮತ್ತು ಸರ್‌ಚಾರ್ಜ್ ಎಷ್ಟು ನೋಡಿ, ಆಮೇಲೆ ಬದಲಿಸಿ. ಒಂದೇ ಏರ್‌ಲೈನ್ ಹೆಸರಿನ ಕಾರ್ಡನ್ನು ನಂಬಿ ವರ್ಷಗಟ್ಟಲೆ ಕೂಡಿಡುವುದೂ ಅಪಾಯ. 2024ರ ನವೆಂಬರ್ 12ಕ್ಕೆ ವಿಸ್ತಾರಾ ವಿಮಾನ ಸಂಸ್ಥೆ ಏರ್ ಇಂಡಿಯಾದಲ್ಲಿ ವಿಲೀನವಾದಾಗ ಆ ಹೆಸರಿನ ಕಾರ್ಡುಗಳ ಯೋಜನೆಯೇ ಬುಡಮೇಲಾಯಿತು.

ಟಿಕೆಟ್ ರದ್ದು ಮಾಡಿದರೆ ಅದಕ್ಕೆ ಬಂದ ಪಾಯಿಂಟನ್ನೂ ಬ್ಯಾಂಕು ವಾಪಸ್ ತೆಗೆದುಕೊಳ್ಳುತ್ತದೆ. ಇಎಂಐ ಮಾಡಿಸಿದರೆ ಹೆಚ್ಚಿನ ಕಡೆ ಪಾಯಿಂಟೇ ಇಲ್ಲ. ಬಿಲ್ ಪೂರ್ತಿ ಕಟ್ಟದೆ ‘ಮಿನಿಮಮ್ ಡ್ಯೂ’ ಮಾತ್ರ ಕಟ್ಟುವ ಅಭ್ಯಾಸ ಇದ್ದರೆ ಈ ಕಾರ್ಡುಗಳ ಗೊಡವೆಯೇ ಬೇಡ. ತಿಂಗಳಿಗೆ ಸುಮಾರು 3.5% ಬಡ್ಡಿ, ಜೊತೆಗೆ ಹೊಸ ಖರೀದಿಗೂ ಬಡ್ಡಿರಹಿತ ದಿನಗಳು ಹೋಗುತ್ತವೆ.

ಕಾರ್ಡು ಬಂದಿದೆ, ಆದರೆ ಬೇಡ ಅನಿಸಿದರೆ ಆ್ಯಕ್ಟಿವೇಟ್ ಮಾಡಬೇಡಿ. 30 ದಿನ ಆದಮೇಲೆ ಬ್ಯಾಂಕು ಒಟಿಪಿ ಮೂಲಕ ನಿಮ್ಮ ಒಪ್ಪಿಗೆ ಕೇಳಬೇಕು, ನೀವು ಕೊಡದಿದ್ದರೆ ಶುಲ್ಕವಿಲ್ಲದೆ ಮುಚ್ಚಬೇಕು. ಬಳಸುತ್ತಿರುವ ಕಾರ್ಡಾದರೆ ಮೊದಲು ಪಾಯಿಂಟು ಖಾಲಿ ಮಾಡಿ, ಬಾಕಿ ತೀರಿಸಿ, ನವೀಕರಣ ಶುಲ್ಕ ಬೀಳುವ ಮುಂಚೆಯೇ ಕಾರ್ಡು ಮುಚ್ಚಲು ಬರಹದಲ್ಲಿ ಮನವಿ ಕೊಡಿ. ಆರ್‌ಬಿಐ ನಿಯಮದ ಪ್ರಕಾರ 7 ಕೆಲಸದ ದಿನಗಳೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ ₹500 ನಿಮಗೆ ಕೊಡಬೇಕು. ಬ್ಯಾಂಕಿಗೆ ದೂರು ಕೊಟ್ಟು 30 ದಿನವಾದರೂ ಉತ್ತರ ಇಲ್ಲವಾದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ಆರ್‌ಬಿಐನ ದೂರು ತಾಣವಾದ ಸಿಎಂಎಸ್ ಪೋರ್ಟಲ್‌ನಲ್ಲಿ ದೂರು ಹಾಕಿ, ಮಾಹಿತಿಗೆ 14448ಕ್ಕೆ ಫೋನ್ ಮಾಡಿ.