ರೀಪರ್ ಜೊತೆ ಐದು ವರ್ಷ: ತಡ ಎಲ್ಲಿ ಕೂತಿದೆ ಅಂತ ಅಳೆದು ನೋಡಿದ ಮೇಲೆ

ಕಲಬುರಗಿಯ ನಮ್ಮ ಮನೆಯ ಮಾಳಿಗೆ ಕೋಣೆಯಲ್ಲಿ ಐದು ವರ್ಷದಿಂದ ರೀಪರ್ ಅನ್ನುವ ಕಂಪ್ಯೂಟರ್ ಸಾಫ್ಟ್‌ವೇರ್‌ನಲ್ಲೇ ರೆಕಾರ್ಡಿಂಗ್ ಮಾಡುತ್ತಿದ್ದೇನೆ. ಜಾಸ್ತಿ ತತ್ವಪದಗಳೇ. ಏಕತಾರಿ, ದಮ್ಮಡಿ, ತಾಳ, ಮೂರ್ನಾಲ್ಕು ದನಿ. 60 ದಿನ ಪುಕ್ಕಟೆ ಬಳಸಿ ನೋಡಿ, ಆಮೇಲೆ 60 ಡಾಲರ್ ಲೈಸೆನ್ಸ್ ತೆಗೆದುಕೊಂಡೆ. ನಾನು ಹೇಳಬೇಕಾದ್ದು ಲೇಟೆನ್ಸಿ ಬಗ್ಗೆ, ಅಂದರೆ ದನಿ ಕಂಪ್ಯೂಟರ್ ಒಳಗೆ ಹೋಗಿ ಹೊರಗೆ ಬರುವಷ್ಟರಲ್ಲಿ ಆಗುವ ತಡದ ಬಗ್ಗೆ.

ಕಳೆದ ಬೇಸಿಗೆಯಲ್ಲಿ ಫ್ಯಾನ್ ಬಂದ್ ಮಾಡಿ, ಬೆವರು ಒರೆಸಿಕೊಳ್ಳುತ್ತ ಹಿರಿಯರೊಬ್ಬರು ಹಾಡುತ್ತಿದ್ದರು. ಎರಡನೇ ಸಾಲಿಗೇ ಹೆಡ್‌ಫೋನ್ ತೆಗೆದರು. "ತಮ್ಮಾ, ನನ್ನ ದನಿ ನನ್ನ ಹಿಂದಿಂದ ಬರ್ಲಿಕತ್ತದ" ಅಂದರು. ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ದನಿಯ ತುಣುಕು) 64 ಸ್ಯಾಂಪಲ್ ಇತ್ತು. 48,000 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 48,000 ಸ್ಯಾಂಪಲ್ ಲೆಕ್ಕದಲ್ಲಿ, ಅದು ಬರೀ 1.3 ಮಿಲಿಸೆಕೆಂಡ್. ಪ್ಲಗಿನ್‌ಗಳನ್ನು (ದನಿ ತಿದ್ದುವ ಚಿಕ್ಕ ಸಾಫ್ಟ್‌ವೇರ್) ಹಾಕುವ ಎಫ್ಎಕ್ಸ್ ವಿಂಡೋದ ಕೆಳಗಡೆ ನೋಡಿದರೆ ತಡ 4096 ಸ್ಯಾಂಪಲ್! ಹಳೇ ಮಿಕ್ಸ್‌ನ ಲೀನಿಯರ್ ಫೇಸ್ ಈಕ್ಯೂ (ತಡ ಜಾಸ್ತಿ ಮಾಡುವ ಒಂದು ಬಗೆಯ ಈಕ್ವಲೈಜರ್) ಎಲ್ಲ ದನಿ ಕೂಡಿ ಹೊರಬೀಳುವ ಮಾಸ್ಟರ್ ಟ್ರ್ಯಾಕ್ ಮೇಲೆ ಹಾಗೇ ಉಳಿದಿತ್ತು. 85 ಮಿಲಿಸೆಕೆಂಡ್ ತಡ ಅಂದರೆ 29 ಮೀಟರ್ ಆಚೆಯಿಂದ ದನಿ ಬಂದ ಹಾಗೆ. ಹೇಗೆ ಹಾಡಬೇಕು ಅವರು? ಆ ಈಕ್ಯೂ ಆಫ್‌ಲೈನ್ ಮಾಡಿದೆ, ಅಂದರೆ ಪೂರ್ತಿ ಬಂದ್. ಪದ ಒಂದೇ ಸಲಕ್ಕೆ ಮುಗಿಯಿತು.

ಮಿಕ್ಸ್ ಮಾಡುವಾಗ ಈ ತಾಪತ್ರಯ ಇಲ್ಲ. ಪ್ಲಗಿನ್ ತನಗೆಷ್ಟು ತಡ ಅಂತ ಹೇಳುತ್ತದೆ, ರೀಪರ್ ಉಳಿದ ಟ್ರ್ಯಾಕ್‌ಗಳನ್ನು ಅಷ್ಟೇ ತಡೆದು ಎಲ್ಲವನ್ನೂ ಹೊಂದಿಸುತ್ತದೆ. ಈ ಕೆಲಸ ಅಷ್ಟು ಚೆನ್ನಾಗಿ ಆಗುತ್ತದೆ, ನಾನು ವರ್ಷಗಟ್ಟಲೆ ಅದರ ಕಡೆ ನೋಡಿರಲೇ ಇಲ್ಲ. ಬಾಯಿಂದ ಆಗತಾನೇ ಬರುತ್ತಿರುವ ದನಿಯನ್ನು ಮಾತ್ರ ಮುಂದಕ್ಕೆ ಎಳೆಯಲು ಆಗುವುದಿಲ್ಲ ಅಲ್ವಾ?

ಇನ್ನೊಂದು ಕಡೆ ಎಚ್ಚರ ಬೇಕು. ಪ್ಲಗಿನ್ ತಪ್ಪು ಲೆಕ್ಕ ಹೇಳಿದರೆ ರೀಪರ್ ಅದನ್ನೇ ನಂಬುತ್ತದೆ. ಒಂದು ಪುಕ್ಕಟೆ ಲಿಮಿಟರ್ (ದನಿ ಮಿತಿ ಮೀರದಂತೆ ತಡೆಯುವ ಪ್ಲಗಿನ್) ತನ್ನ ತಡ ಸೊನ್ನೆ ಅಂತ ತೋರಿಸುತ್ತಿತ್ತು. ದಮ್ಮಡಿ ಟ್ರ್ಯಾಕ್‌ನ ಕಾಪಿಗೆ ಅದನ್ನು ಹಾಕಿ ಮೂಲದ ಜೊತೆ ಬೆರೆಸಿದರೆ ಪೆಟ್ಟು ಪೊಳ್ಳಾಗಿ, ಡಬ್ಬದೊಳಗಿಂದ ಬಂದಂತೆ ಕೇಳಿತು. ಒಂದೇ ಸ್ಯಾಂಪಲ್‌ನ ಕ್ಲಿಕ್ ಇರುವ ವೇವ್ ಫೈಲ್ ಮಾಡಿ ಆ ಲಿಮಿಟರ್ ಮೂಲಕ ಹಾಯಿಸಿ ಹೊಸ ಫೈಲ್ ತೆಗೆದೆ. ಜೂಮ್ ಮಾಡಿ ಎಣಿಸಿದರೆ ಕ್ಲಿಕ್ 240 ಸ್ಯಾಂಪಲ್ ಹಿಂದೆ ಬಿದ್ದಿತ್ತು, ಅಂದರೆ ಸರಿಯಾಗಿ 5 ಮಿಲಿಸೆಕೆಂಡ್. ರೀಪರ್ ಜೊತೆಗೇ ಬರುವ ಟೈಮ್ ಅಡ್ಜಸ್ಟ್‌ಮೆಂಟ್ ಪ್ಲಗಿನ್ ಹಾಕಿ ಮೈನಸ್ 5 ಕೊಟ್ಟೆ. ಖಾತ್ರಿಗೆ ಲಿಮಿಟರ್‌ನ ಮಿತಿ ಸಡಿಲಿಸಿ, ಒಂದು ಟ್ರ್ಯಾಕ್‌ನ ಫೇಸ್ ತಿರುಗಿಸಿದೆ, ಅಂದರೆ ಅಲೆಯನ್ನು ತಲೆಕೆಳಗು ಮಾಡಿದೆ; ಎರಡೂ ಒಂದೇ ಸಮಕ್ಕಿದ್ದರೆ ಒಂದನ್ನೊಂದು ಅಳಿಸಬೇಕು. ಎರಡೂ ಸೇರಿ ಪೂರ್ತಿ ಮೌನ. ಫೇಸ್ ಮತ್ತೆ ಮೊದಲಿನಂತೆ ಮಾಡಿದ ಕೂಡಲೇ ದಮ್ಮಡಿಯ ಚರ್ಮದ ಪೆಟ್ಟು, ಅದರ ಹಿಂದೆ ಗಿಲಕಿಯ ಸದ್ದು ಬಿಡಿಬಿಡಿಯಾಗಿ ಕೇಳಿಸಿತು.

ಆ ಕ್ಲಿಕ್ ಫೈಲ್ ಈಗ ಡೆಸ್ಕ್‌ಟಾಪ್ ಮೇಲೇ ಇದೆ. ಹೊಸ ಪ್ಲಗಿನ್ ಬಂದರೆ ಮೊದಲು ಅದೇ ಹಾಯುತ್ತದೆ, ಆಮೇಲೆ ಹಾಡು.