ಪುಣೆಯ ತಾರಸಿಯಿಂದ ಗೆಲಾಕ್ಸಿ: 130 ಮಿ.ಮೀ. ಟೆಲಿಸ್ಕೋಪ್ ಜೊತೆ ಮೂರು ವರ್ಷ

ಕೊಂಡ ಮೊದಲ ತಿಂಗಳಲ್ಲೇ ವಿಮರ್ಶೆ ಬರೆದಿದ್ದರೆ ಐದಕ್ಕೆ ಎರಡು ಸ್ಟಾರ್ ಕೊಡುತ್ತಿದ್ದೆ. ಆರನೇ ತಿಂಗಳಲ್ಲಾದರೆ ಐದಕ್ಕೆ ಐದು. ಈಗ ಮೂರು ವರ್ಷ ದಾಟಿದೆ. ಸಿಟ್ಟೂ ಇಳಿದಿದೆ, ಹುಚ್ಚೂ ಸ್ವಲ್ಪ ಇಳಿದಿದೆ. ಇನ್ನು ಬರೆಯಬಹುದು.

ಸೆಟ್ ಹೀಗಿದೆ. 130 ಮಿ.ಮೀ. ಕನ್ನಡಿಯ ನ್ಯೂಟೋನಿಯನ್ ಟ್ಯೂಬ್, ಫೋಕಲ್ ಲೆಂಗ್ತ್ 650 ಮಿ.ಮೀ., ಅಂದರೆ ಎಫ್/5. ಅದರ ಕೆಳಗೆ ಮೋಟಾರ್ ಇರುವ ಇಕ್ವಟೋರಿಯಲ್ ಮೌಂಟ್, ಅಂದರೆ ಆಕಾಶ ತಿರುಗಿದ ಹಾಗೆ ಟ್ಯೂಬನ್ನೂ ತಿರುಗಿಸುವ ಸ್ಟ್ಯಾಂಡ್. ಹಿಂದೆ ನನ್ನ ಹಳೇ 24 ಮೆಗಾಪಿಕ್ಸೆಲ್ ಡಿಎಸ್‌ಎಲ್‌ಆರ್. ಗೈಡಿಂಗ್‌ಗೆ, ಅಂದರೆ ಒಂದು ನಕ್ಷತ್ರದ ಮೇಲೆ ಕಣ್ಣಿಟ್ಟು ಮೌಂಟ್‌ನ ತಪ್ಪು ತಿದ್ದುತ್ತಿರಲು, ಒಂದು ಪುಟ್ಟ ಟೆಲಿಸ್ಕೋಪ್, ಪುಟ್ಟ ಕ್ಯಾಮೆರಾ. 2022ರ ಕೊನೆಯಲ್ಲಿ ತಗೊಂಡಿದ್ದು. ಬ್ರಾಂಡ್ ಹೆಸರು ಹಾಕುತ್ತಿಲ್ಲ. ಈ ಅಳತೆಯ ಟ್ಯೂಬ್ ಮೂರ್ನಾಲ್ಕು ಹೆಸರಿನಲ್ಲಿ ಸಿಗುತ್ತದೆ, ಒಳಗಿನ ಸಂಗತಿ ಹೆಚ್ಚುಕಡಿಮೆ ಒಂದೇ. ದುಡ್ಡಿನ ಲೆಕ್ಕ ಬೇಕಿದ್ದರೆ: ಒಂದು ಹೊಸ ಸ್ಕೂಟರ್ ಬರುವಷ್ಟು ದುಡ್ಡು ಮೌಂಟ್ ಒಂದಕ್ಕೇ ಹೋಯಿತು. ಟ್ಯೂಬ್‌ಗೆ ಅದರ ಮೂರನೇ ಒಂದು ಪಾಲು. ಅಂಗಡಿಯಲ್ಲಿ ನಿಂತಾಗ ಇದು ತಲೆಕೆಳಗಾದ ಲೆಕ್ಕ ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ.

ನಮ್ಮ ಸೊಸೈಟಿ ಕರ್ವೆ ನಗರದಲ್ಲಿದೆ. ಏಳನೇ ಮಹಡಿಯ ಮೇಲೆ ತಾರಸಿ. ಆಕಾಶ ಬೋರ್ಟಲ್ ಅಳತೆಯಲ್ಲಿ 8. ಜಾನ್ ಬೋರ್ಟಲ್ ಅನ್ನುವವರು 2001ರಲ್ಲಿ ಮಾಡಿದ ಅಳತೆ ಇದು. 1 ಅಂದರೆ ಕಗ್ಗತ್ತಲು, 9 ಅಂದರೆ ಮಹಾನಗರದ ನಟ್ಟನಡುವೆ. ಸಪ್ತರ್ಷಿ ಮಂಡಲದ ಏಳೂ ನಕ್ಷತ್ರ ಎಣಿಸೋಕೆ ಆದರೆ ನಮಗೆ ಅವತ್ತು ಒಳ್ಳೆ ರಾತ್ರಿ. ಕಗ್ಗತ್ತಲ ಜಾಗಕ್ಕಿಂತ ಇಂಥ ಆಕಾಶ ಸುಮಾರು 40 ಪಟ್ಟು ಬೆಳ್ಳಗಿರುತ್ತದೆ. ಗೆಲಾಕ್ಸಿಯ ಹೊರಗಿನ ತೋಳುಗಳ ಬೆಳಕು ಇದರ ಮುಂದೆ ನೂರಕ್ಕೆ ಎರಡು ಪಾಲೂ ಇರುವುದಿಲ್ಲ. ಅಂದರೆ ಫೋಟೋದಲ್ಲಿ ಬರುವುದು ಬಹುಪಾಲು ಬೀದಿದೀಪವೇ. ಆ ಬೆಳಕನ್ನು ಕಳೆದು ಉಳಿದ ಚೂರನ್ನು ಹೆಕ್ಕಬೇಕು.

ಕಣ್ಣಿಟ್ಟು ನೋಡುವ ಆಸೆಯಿಂದ ತಗೊಳ್ಳುವವರಿಗೆ ಇಲ್ಲೇ ಹೇಳಿಬಿಡುತ್ತೇನೆ, ಗೆಲಾಕ್ಸಿಯ ಮಟ್ಟಿಗೆ ಬೇಡ. ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿ ಗೋಕಾಕ ಕಡೆಯ ಕಾಕಾ ಒಬ್ಬರಿದ್ದಾರೆ. ಮೊದಲ ಚಳಿಗಾಲದಲ್ಲಿ ಅವರಿಗೆ ಆಂಡ್ರೊಮಿಡಾ ತೋರಿಸಿದೆ. 25 ಲಕ್ಷ ಜ್ಯೋತಿರ್ವರ್ಷ ದೂರ ಅಂತೆಲ್ಲ ಪೀಠಿಕೆ ಹಾಕಿದೆ. ಅವರು ಐಪೀಸ್‌ಗೆ ಕಣ್ಣಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಗಾಜಿನ ಮ್ಯಾಲೆ ಏನೋ ಮೆತ್ತೈತಿ ನೋಡ್ರಿ ಸರ, ಒರಸ್ರಿ ಅದನ್ನ" ಅಂದರು. ಆ ಮೆತ್ತಿದ್ದೇ ಗೆಲಾಕ್ಸಿ.

ಈಗ ಮೌಂಟ್. ಪುಣೆಯ ಅಕ್ಷಾಂಶ 18.5 ಡಿಗ್ರಿ. ಇಕ್ವಟೋರಿಯಲ್ ಮೌಂಟ್‌ನ ತಲೆಯನ್ನು ಅಷ್ಟೇ ಡಿಗ್ರಿಗೆ ಕೂರಿಸಬೇಕು. ಅಷ್ಟು ಕೆಳಗೆ ಬಗ್ಗಿಸಿದರೆ ಟ್ಯೂಬ್‌ಗೆ ಸರಿತೂಗಿಸುವ ತೂಕದ ರಾಡ್ ಹೆಚ್ಚುಕಡಿಮೆ ನೆಟ್ಟಗೆ ಕೆಳಗಿಳಿದು ಟ್ರೈಪಾಡ್‌ನ ಕಾಲಿಗೆ ಬಡಿಯುತ್ತದೆ. ಮೊದಲ ರಾತ್ರಿ ಆ ಟಣ್ ಸದ್ದು ಕೇಳಿ ಎದೆ ಧಸಕ್ಕೆಂದಿತ್ತು. ಇನ್ನೂ ಉತ್ತರದ ದೇಶಗಳಲ್ಲಿ, 40–50 ಡಿಗ್ರಿಯಲ್ಲಿ ಇರುವವರಿಗೆ ಈ ತಾಪತ್ರಯ ಇಲ್ಲ. ಅಕ್ಷಾಂಶ ಹೊಂದಿಸುವ ಬೋಲ್ಟ್ ಕೂಡ ಈ ಕೋನದಲ್ಲಿ ಭಾರ ತಡೆಯದೆ ಎಂಟೇ ತಿಂಗಳಲ್ಲಿ ಬಾಗಿತು. ಮಾರಿದವರಿಗೆ ಫೋನ್ ಮಾಡಿದರೆ ವಾರಂಟಿಗೆ ಬರಲ್ಲ ಅಂದರು. ಭೋಸರಿಯಲ್ಲಿ ಲೇತ್ ಇಟ್ಟಿರುವ ವಿಜಯಪುರದ ಹುಡುಗನೊಬ್ಬ ಉಕ್ಕಿನ ಬೋಲ್ಟ್ ಕಡೆದು ಕೊಟ್ಟ. ಜೊತೆಗೆ ಮೌಂಟ್ ಮತ್ತು ಟ್ರೈಪಾಡ್ ನಡುವೆ ಕೂರಿಸಲು ಎಂಟು ಇಂಚಿನ ಅಲ್ಯುಮಿನಿಯಂ ತುಂಡನ್ನೂ ಮಾಡಿದ. ಅವತ್ತಿನಿಂದ ಎರಡೂ ತಂಟೆ ಇಲ್ಲ. ನಮ್ಮ ಕಡೆ ಮೌಂಟ್ ತಗೊಳ್ಳುವವರು ಈ ತುಂಡನ್ನು ಮೊದಲೇ ಮಾಡಿಸಿಕೊಳ್ಳಿ.

ಧ್ರುವ ನಕ್ಷತ್ರವೂ ಇಲ್ಲಿ ಕ್ಷಿತಿಜದಿಂದ 18.5 ಡಿಗ್ರಿ ಮೇಲಷ್ಟೇ. ನಮಗೆ ಅದು ಪಕ್ಕದ ಸೊಸೈಟಿಯ ನೀರಿನ ಟ್ಯಾಂಕ್ ಹಿಂದೆ. ಹೀಗಾಗಿ ಅದನ್ನು ನೋಡಿ ಮೌಂಟ್ ಹೊಂದಿಸಲು ಇರುವ ಪೋಲಾರ್ ಸ್ಕೋಪ್ ಸುಮ್ನೆ ಅಲಂಕಾರಕ್ಕೆ. ನೀನಾ ಸಾಫ್ಟ್‌ವೇರ್‌ನಲ್ಲಿ ಆಕಾಶದ ಬೇರೆ ಮೂರು ಕಡೆ ಫೋಟೋ ತೆಗೆದು ಮೌಂಟ್ ಹೊಂದಿಸುವ ದಾರಿ ಇದೆ. ಹತ್ತು ನಿಮಿಷದ ಕೆಲಸ, ದುಡ್ಡೂ ಇಲ್ಲ.

ಇನ್ನು ಲಿಫ್ಟ್ ಪುರಾಣ. ಮೊದಲ ವರ್ಷ ನನ್ನ ನಕ್ಷತ್ರಗಳು ಆಗಾಗ ಮೊಟ್ಟೆ ಆಕಾರಕ್ಕೆ ಬರುತ್ತಿದ್ದವು. ಗೈಡಿಂಗ್ ಗ್ರಾಫ್ ಚೆನ್ನಾಗಿ ಓಡುತ್ತಿರುತ್ತದೆ, ಇದ್ದಕ್ಕಿದ್ದಂತೆ ಒಂದು ಮುಳ್ಳು ಏಳುತ್ತದೆ, ಮತ್ತೆ ಸಪಾಟು. ಗಾಳಿ ಅಂದುಕೊಂಡೆ. ಕೇಬಲ್ ಎಳೆಯುತ್ತಿದೆ ಅಂದುಕೊಂಡೆ. ಗೇರ್‌ಗೆ ಗ್ರೀಸ್ ಹಾಕಿದೆ. ಒಂದು ರಾತ್ರಿ ಎರಡು ಗಂಟೆಗೆ ಚಾಪೆ ಮೇಲೆ ಒರಗಿದ್ದೆ. ಲಿಫ್ಟ್‌ನ ಮಷಿನ್ ರೂಮಿನಲ್ಲಿ 'ಕಟಕ್' ಅಂತ ಸದ್ದಾಯಿತು, ಮೋಟಾರ್ ಗುಂಯ್ ಅಂದಿತು. ಲ್ಯಾಪ್‌ಟಾಪ್ ಕಡೆ ನೋಡಿದರೆ ಮುಳ್ಳು ಎದ್ದಿದೆ. ನೈಟ್ ಶಿಫ್ಟ್ ಮುಗಿಸಿ ಬಂದ ಹುಡುಗ ಲಿಫ್ಟ್ ಹತ್ತಿದ್ದ. ಆಮೇಲೆ ಒಂದು ವಾರ ಸದ್ದು ಬಂದಾಗಲೆಲ್ಲ ಬರೆದಿಟ್ಟು ನೋಡಿದೆ. ಲೆಕ್ಕ ತಾಳೆಯಾಯಿತು. ಸ್ಲ್ಯಾಬ್‌ನ ನಡುವೆ ಟ್ರೈಪಾಡ್ ಇಟ್ಟಿದ್ದೇ ತಪ್ಪು. ಕೆಳಗೆ ಪಿಲ್ಲರ್ ಎಲ್ಲಿ ಬರುತ್ತದೆ ಅಂತ ನೋಡಿ, ಮಷಿನ್ ರೂಮಿನಿಂದ ದೂರದ ಮೂಲೆಯ ಪಿಲ್ಲರ್ ಮೇಲೆ ಮೂರು ಕಾಲಿಗೂ ಬಣ್ಣದ ಗುರುತು ಹಾಕಿದೆ. ಮೂರು ವರ್ಷದಲ್ಲಿ ಚಿತ್ರ ಇಷ್ಟು ಸುಧಾರಿಸಿದ್ದು ಬೇರೆ ಯಾವುದರಿಂದಲೂ ಅಲ್ಲ. ಖರ್ಚು ಒಂದು ಪುಟ್ಟ ಡಬ್ಬಿ ಬಣ್ಣ.

ದುಡ್ಡು ದಂಡವಾಗಿದ್ದು ಫಿಲ್ಟರ್‌ಗೆ. ಬೆಳಕಿನ ಮಾಲಿನ್ಯ ತಡೆಯುತ್ತೆ ಅಂತ ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿತ್ತು. ಹಳೇ ಹಳದಿ ಸೋಡಿಯಂ ದೀಪಗಳಿದ್ದ ಕಾಲಕ್ಕೆ ಅದು ನಿಜವೇ. ಅವುಗಳ ಬೆಳಕು ಕೆಲವೇ ಬಣ್ಣಗಳಲ್ಲಿ ಇರುತ್ತಿತ್ತು, ಅಷ್ಟನ್ನು ತಡೆದರೆ ಸಾಕಿತ್ತು. ಈಗ ಎಲ್ಲೆಲ್ಲೂ ಬಿಳಿ ಎಲ್‌ಇಡಿ. ಅದರಲ್ಲಿ ಎಲ್ಲ ಬಣ್ಣವೂ ಇದೆ. ಗೆಲಾಕ್ಸಿ ಅಂದರೂ ಕೋಟಿಗಟ್ಟಲೆ ನಕ್ಷತ್ರಗಳ ಬೆಳಕು ತಾನೇ, ಅದರಲ್ಲೂ ಎಲ್ಲ ಬಣ್ಣ ಇದೆ. ಬೀದಿದೀಪ ಸೋಸಲು ಹೋದರೆ ಗೆಲಾಕ್ಸಿಯೂ ಸೋಸಿಹೋಗುತ್ತದೆ. ಓರಿಯನ್ ನೆಬುಲಾದಂಥ ಅನಿಲದ ಮೋಡಗಳು ಒಂದೆರಡು ಬಣ್ಣದಲ್ಲೇ ಹೊಳೆಯುತ್ತವೆ, ಅವಕ್ಕೆ ಫಿಲ್ಟರ್ ಒಳ್ಳೆಯದು. ನನ್ನ ಹುಚ್ಚು ಗೆಲಾಕ್ಸಿ. ನಾಲ್ಕು ರಾತ್ರಿ ಬಳಸಿ ಡಬ್ಬಿಗೆ ಹಾಕಿದೆ.

ಹಾಗಾದರೆ ಮಾಡುವುದೇನು? ಕೂರುವುದು. ಒಂದೊಂದು ನಿಮಿಷದ ಫೋಟೋ, ಒಂದು ರಾತ್ರಿಗೆ ಇನ್ನೂರು, ಇನ್ನೂರೈವತ್ತು. ನಿಮಿಷಕ್ಕಿಂತ ಜಾಸ್ತಿ ಬಿಟ್ಟರೆ ಆಕಾಶವೇ ಬೆಳ್ಳಗಾಗುತ್ತದೆ. ಆಮೇಲೆ ಅವನ್ನೆಲ್ಲ ಒಂದರ ಮೇಲೊಂದು ಪೇರಿಸುವುದು. ನಾಲ್ಕು ಪಟ್ಟು ಹೊತ್ತು ಕೂತರೆ ಚಿತ್ರದ ಕಾಳುಕಾಳು ಅರ್ಧಕ್ಕೆ ಇಳಿಯುತ್ತದೆ, ಅಷ್ಟೇ. ಏಪ್ರಿಲ್‌ನಲ್ಲಿ ತಾರಸಿಯ ಕಾಂಕ್ರೀಟ್ ನಡುರಾತ್ರಿವರೆಗೂ ಬಿಸಿ ಕಕ್ಕುತ್ತದೆ. ಕ್ಯಾಮೆರಾ ಸೆನ್ಸರ್ ಬಿಸಿಯಾದಷ್ಟೂ ಕಾಳು ಹೆಚ್ಚು. ಮುಚ್ಚಳ ಹಾಕಿ ಅದೇ ಬಿಸಿಯಲ್ಲಿ ಡಾರ್ಕ್ ಫ್ರೇಮ್, ಅಂದರೆ ಸೆನ್ಸರ್‌ನ ಸ್ವಂತ ಚುಕ್ಕೆಗಳನ್ನು ಆಮೇಲೆ ಕಳೆಯಲು ಬೇಕಾದ ಕಪ್ಪು ಫೋಟೋ, ತೆಗೆಯಲೇಬೇಕು. ಪೇರಿಸಲು ಸಿರಿಲ್, ಒಂದು ಮೂಲೆ ಬೆಳ್ಳಗೆ ಒಂದು ಮೂಲೆ ಕಪ್ಪಗೆ ಬಂದಿದ್ದನ್ನು ಸರಿ ಮಾಡಲು ಗ್ರಾಕ್ಸ್‌ಪರ್ಟ್. ಎರಡೂ ಉಚಿತ ಸಾಫ್ಟ್‌ವೇರ್, ಎರಡೂ ಚಿನ್ನ.

ಈ ಟೆಲಿಸ್ಕೋಪ್ ಮೇಲಿನ ಸಿಟ್ಟು ಇಳಿದಿದ್ದು 2023ರ ಮೇ ತಿಂಗಳಲ್ಲಿ. ಎಂ101 (ಎಂ ಅಂದರೆ ಮೆಸ್ಸಿಯೆ ಪಟ್ಟಿಯ ನಂಬರ್) ಅನ್ನುವ ಗೆಲಾಕ್ಸಿ ನಗರದವರಿಗೆ ಶತ್ರು ಇದ್ದಂತೆ. ದೊಡ್ಡದು, ತೆಳ್ಳಗೆ ಹರಡಿಕೊಂಡಿದೆ, ಬೀದಿದೀಪದಲ್ಲಿ ಕರಗಿಹೋಗುತ್ತದೆ. ಮೇ 19ರಂದು ಜಪಾನಿನ ಹವ್ಯಾಸಿ ಕೊಯಿಚಿ ಇಟಗಾಕಿ ಅದರಲ್ಲಿ ಒಂದು ಸೂಪರ್‌ನೋವಾ, ಅಂದರೆ ಸಿಡಿದು ಸಾಯುವ ನಕ್ಷತ್ರ, ಕಂಡುಹಿಡಿದರು. ಅವತ್ತೇ ಅಮಾವಾಸ್ಯೆ ಬೇರೆ. ಎರಡು ಮೂರು ದಿನ ಬಿಟ್ಟು, ಧೂಳು ತುಂಬಿದ ಆಕಾಶದಲ್ಲಿ, ಆಸೆಯಿಲ್ಲದೆ ಟ್ಯೂಬ್ ತಿರುಗಿಸಿದೆ. ಮೊದಲ ಫೋಟೋದಲ್ಲಿ ಗೆಲಾಕ್ಸಿಯ ಸುಳಿವೇ ಇಲ್ಲ, ಬರೀ ಬೂದು ಬಣ್ಣ. ಆದರೆ ಹಳೇ ಚಿತ್ರದಲ್ಲಿ ಏನೂ ಇಲ್ಲದ ಕಡೆ ಒಂದು ಚುಕ್ಕಿ ಖಡಕ್ಕಾಗಿ ಕೂತಿದೆ! ಹರಡಿದ ಬೆಳಕನ್ನು ನಗರ ನುಂಗುತ್ತದೆ, ಚುಕ್ಕಿಯನ್ನು ಅಷ್ಟು ಸುಲಭಕ್ಕೆ ನುಂಗೋಕಾಗಲ್ಲ. ಇದು ಗೊತ್ತಿದ್ದ ಸಂಗತಿಯೇ, ಆದರೂ ಕೂತಲ್ಲಿಂದ ಎದ್ದು ನಿಂತಿದ್ದೆ. ಮೂರು ಗಂಟೆ ಪೇರಿಸಿದ ಮೇಲೆ ಸುತ್ತಲಿನ ತೋಳುಗಳೂ ಮಸುಕಾಗಿ ಎದ್ದವು.

ಬೆಳಿಗ್ಗೆ ಕಾಕಾಗೆ ಲ್ಯಾಪ್‌ಟಾಪ್‌ನಲ್ಲಿ ತೋರಿಸಿದೆ.

"ಈ ಚುಕ್ಕಿ ಏನ್ರಿ?"

"ಸತ್ತ ನಕ್ಷತ್ರ, ಕಾಕಾ."

"ಯಾವಾಗ ಸತ್ತದ್ದು?"

"ಎರಡು ಕೋಟಿ ವರ್ಷದ ಹಿಂದೆ."

"ಮತ್ತ ಸುದ್ದಿ ಈಗ ಬಂತೇನ್ರಿ?"

ಹೌದು ಅಂದೆ. ಚಹಾ ಆರುವ ತನಕ ಅದನ್ನೇ ನೋಡುತ್ತಾ ಕೂತರು.

ಅದಾದ ಮೇಲೆ ನಾನು ಗೆಲಾಕ್ಸಿ ಆರಿಸುವ ಕ್ರಮವನ್ನೇ ಬದಲಿಸಿದೆ. ಪುಸ್ತಕದಲ್ಲಿ ಬರೆದ ಒಟ್ಟು ಕಾಂತಿಮಾನ ನೋಡಿ ಮೋಸ ಹೋಗಬೇಡಿ. ಆ ಬೆಳಕು ಎಷ್ಟು ಜಾಗಕ್ಕೆ ಹರಡಿದೆ ಅನ್ನೋದು ಮುಖ್ಯ. ಎಂ33 ಪುಸ್ತಕದಲ್ಲಿ ಪ್ರಕಾಶಮಾನ, ತಾರಸಿಯಲ್ಲಿ ಬರೀ ನೋವು. ಎಂ104, ಅಂದರೆ ಸಾಂಬ್ರೆರೊ, ಪುಟ್ಟದು, ಗಟ್ಟಿ. ಒಂದೇ ಗಂಟೆಯಲ್ಲಿ ನಡುವಿನ ಧೂಳಿನ ಪಟ್ಟಿ ಗೆರೆ ಎಳೆದ ಹಾಗೆ ಬರುತ್ತದೆ. ಎಂ82 ಚೆನ್ನಾಗಿ ಬರುತ್ತದೆ, ಆದರೆ ನಮ್ಮಲ್ಲಿ 40 ಡಿಗ್ರಿಗಿಂತ ಮೇಲೇರುವುದಿಲ್ಲ, ಉತ್ತರದ ಬೆಳಕಿನ ಮಬ್ಬಿನಲ್ಲೇ ಹಿಡಿಯಬೇಕು. ಎಂ51ರ ಎರಡು ಸುರುಳಿ ತೋಳು ಆರು ಗಂಟೆ ಪೇರಿಸಿದ ಮೇಲೆ ನೆಟ್ಟಗೆ ಕಂಡವು. ಸಿಂಹ ರಾಶಿಯ ಮೂರು ಗೆಲಾಕ್ಸಿ, ಕನ್ಯಾ ರಾಶಿಯ ಸಾಲು, ಇವು ಮಾರ್ಚ್–ಏಪ್ರಿಲ್‌ನಲ್ಲಿ ಪುಣೆಯ ನೆತ್ತಿಯ ಹತ್ತಿರವೇ ಹಾದುಹೋಗುತ್ತವೆ. ನೆತ್ತಿಯ ಮೇಲೆ ಮಬ್ಬು ಎಲ್ಲಕ್ಕಿಂತ ಕಡಿಮೆ. ದಕ್ಷಿಣದ ಎನ್‌ಜಿಸಿ 253 (ಎನ್‌ಜಿಸಿ ಇನ್ನೊಂದು ಪಟ್ಟಿ) ಅನ್ನುವ ಗೆಲಾಕ್ಸಿ ಇಲ್ಲಿ 46 ಡಿಗ್ರಿ ಮೇಲೇರುತ್ತದೆ, ಲಂಡನ್‌ನಲ್ಲಿ ಕ್ಷಿತಿಜ ಬಿಟ್ಟು ಏಳೋದೇ ಕಷ್ಟ. ಈ ಟ್ಯೂಬ್ ಮತ್ತು ಕ್ಯಾಮೆರಾ ಜೋಡಿಗೆ ಕಾಣುವ ಆಕಾಶ ಸುಮಾರು 2 ಡಿಗ್ರಿ ಅಗಲ, 1.3 ಡಿಗ್ರಿ ಎತ್ತರ. ಆಂಡ್ರೊಮಿಡಾ ಪೂರ್ತಿ ಹಿಡಿಸಲ್ಲ. ಹಿಡಿಸಿದ್ದರೂ ಅದರ ಅಂಚು ನಗರದಲ್ಲಿ ಬರುತ್ತಿರಲಿಲ್ಲ ಬಿಡಿ.

ಒಂದು ಸಲ ಸೆಟ್ಟನ್ನು ನಗರದ ಬೆಳಕಿನಾಚೆ, ವೆಲ್ಹೆ ಕಡೆ ಗೆಳೆಯನ ಹೊಲಕ್ಕೆ ಒಯ್ದಿದ್ದೆ. ಅಲ್ಲಿ ಎರಡು ಗಂಟೆಯಲ್ಲಿ ಬಂದ ಚಿತ್ರ ಇಲ್ಲಿ ಹನ್ನೆರಡು ಗಂಟೆ ಪೇರಿಸಿದ್ದಕ್ಕಿಂತ ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳಲಿ. ಆದರೆ ಮೌಂಟ್, ತೂಕ, ಬ್ಯಾಟರಿ ಎಲ್ಲ ಹೊತ್ತು ಏಳು ಮಹಡಿ ಇಳಿಸಿ, ಘಾಟಿ ಹತ್ತಿ, ಮತ್ತೆ ಬೆಳಿಗ್ಗೆ ಎಂಟಕ್ಕೆ ಆಫೀಸ್ ಅಂದರೆ ತಿಂಗಳಿಗೆ ಒಂದು ಸಲವೂ ಆಗಲ್ಲ. ತಾರಸಿಗೆ ಚಪ್ಪಲಿ ಮೆಟ್ಟಿ ಹೋದರಾಯಿತು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಡಿ ಬಂದ್. ಎರಡನೇ ಮಳೆಗಾಲದಲ್ಲಿ ಟ್ಯೂಬನ್ನು ಕಪಾಟಿನಲ್ಲಿ ಹಾಗೇ ಇಟ್ಟು ಕನ್ನಡಿಗೆ ಬೂಷ್ಟಿನ ಚುಕ್ಕೆ ಬರಿಸಿಕೊಂಡೆ. ಭಟ್ಟಿ ಇಳಿಸಿದ ನೀರಿನಲ್ಲಿ ತೊಳೆದೆ, ಪೂರ್ತಿ ಹೋಗಿಲ್ಲ. ಈಗ ಮುಚ್ಚಳದ ದೊಡ್ಡ ಪ್ಲಾಸ್ಟಿಕ್ ಡಬ್ಬದಲ್ಲಿ ಅರ್ಧ ಕೆಜಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ. ಕ್ಯಾಮೆರಾ ಕೂರಿಸಿ ಫೋಕಸ್ ಹೊಂದಿಸುವ ಭಾಗ, ಟ್ಯೂಬ್‌ನ ಫೋಕಸರ್, ಮಾತ್ರ ಇವತ್ತಿಗೂ ಸಡಿಲ. ಕ್ಯಾಮೆರಾ ಭಾರಕ್ಕೆ ಜಾರುತ್ತದೆ, ಸ್ಕ್ರೂ ಬಿಗಿದರೆ ಓರೆಯಾಗುತ್ತದೆ. ಒಂದು ಸ್ಟಾರ್ ಕಡಿತ ಅದಕ್ಕೇ.

ಈಗ ಎನ್‌ಜಿಸಿ 253 ಮೇಲೆ ಕೂತಿದ್ದೇನೆ. ಆರು ಗಂಟೆ ಸೇರಿದೆ, ಇನ್ನೂ ನಾಲ್ಕು ಬೇಕು. ದಕ್ಷಿಣಕ್ಕೆ ಹೊಸ ಟವರ್ ಏಳುತ್ತಿದೆ, ಮೊನ್ನೆ ಒಂಬತ್ತನೇ ಸ್ಲ್ಯಾಬ್ ಬಿತ್ತು. ಆ ಲೆಕ್ಕದಲ್ಲಿ ನನಗೆ ಇದೊಂದು ಚಳಿಗಾಲ ಇದೆ. ಅಂದಹಾಗೆ ಆ ಫಿಲ್ಟರ್ ಇನ್ನೂ ಡಬ್ಬಿಯಲ್ಲೇ ಇದೆ. ಎರಡು ಇಂಚಿನದು, ಗೀರು ಇಲ್ಲ. ನೆಬುಲಾ ಹುಚ್ಚಿನವರು ಯಾರಾದರೂ ಇದ್ದರೆ ಅರ್ಧ ರೇಟಿಗೆ ಕೊಡುತ್ತೇನೆ.