ಭಾರದ ಟರ್ಬೊ ಕಾರಿಗೆ ಯಾವ ಟಾರ್ಕ್ ಕನ್ವರ್ಟರ್? ಮೂರನ್ನೂ ಓಡಿಸಿ ನೋಡಿದ ಮೇಲೆ

ಹತ್ತಿರಹತ್ತಿರ ಎರಡು ಟನ್ ತೂಗುವ ಕಾರು. ಟರ್ಬೊ ಇರುವ ಆರು ಸಿಲಿಂಡರ್ ಎಂಜಿನ್, ಬೂಸ್ಟ್ (ಟರ್ಬೊ ಎಂಜಿನ್ನಿನೊಳಗೆ ತಳ್ಳುವ ಗಾಳಿಯ ಒತ್ತಡ) ತುಂಬಿದಾಗ ಸುಮಾರು 800 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ಆಟೊಮ್ಯಾಟಿಕ್ ಕಾರಿನಲ್ಲಿ ಎಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ಮುಟ್ಟಿಸುವುದೇ ಟಾರ್ಕ್ ಕನ್ವರ್ಟರ್. ಇದಕ್ಕೆ ಅಂಥ ಮೂರು ಕನ್ವರ್ಟರ್ ಹಾಕಿ ಓಡಿಸಿದ್ದೇನೆ. ಕಾರಿನ ಜೊತೆ ಬಂದ 12 ಇಂಚು ವ್ಯಾಸದ್ದು, ಜಾಸ್ತಿ ಸ್ಟಾಲ್ (ಕಾರು ಬ್ರೇಕಿನಲ್ಲಿ ನಿಂತಿರುವಾಗ ಎಂಜಿನ್ ಏರಬಲ್ಲ ಗರಿಷ್ಠ ಆರ್‌ಪಿಎಂ) ಇರುವ 9.5 ಇಂಚಿನದು, ಮೂರು ಪ್ಲೇಟಿನ ಲಾಕಪ್ (ಜಾರದಂತೆ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರ ಕೂಡಿಸುವ ಕ್ಲಚ್) ಇರುವ 10.5 ಇಂಚಿನದು. ಈಗ ಕಾರಿನಲ್ಲಿರುವುದು ಕೊನೆಯದು.

ಟ್ರಾಫಿಕ್‌ನಲ್ಲಿ 12 ಇಂಚಿನದರಷ್ಟು ಹಿತವಾದದ್ದು ಇನ್ನೊಂದಿಲ್ಲ. ಆದರೆ ಬ್ರೇಕ್ ಒತ್ತಿ ಆಕ್ಸಿಲರೇಟರ್ ಕೊಟ್ಟರೆ ಎಂಜಿನ್ 2,000 ಆರ್‌ಪಿಎಂ ಹತ್ತಿರವೇ ನಿಂತುಬಿಡುತ್ತದೆ. ನನ್ನ ಟರ್ಬೊ ಎಚ್ಚರಾಗುವುದು 2,700ಕ್ಕೆ. ಹಾಗಾಗಿ ಕಾರು ಮೊದಲು ತೆವಳುತ್ತದೆ, ಆಮೇಲೆ ಒಮ್ಮೆಲೇ ಎಗರುತ್ತದೆ. ಅದನ್ನಾದರೂ ಸಹಿಸಬಹುದು. ಲಾಕಪ್‌ನದ್ದೇ ನಿಜವಾದ ತೊಂದರೆ. ಒಂದೇ ಪ್ಲೇಟು ಇಷ್ಟು ಟಾರ್ಕ್ ಹಿಡಿಯಲಾರದೆ ಜಾರುತ್ತದೆ. ಆರ್‌ಪಿಎಂ ಏರುತ್ತದೆ, ವೇಗ ಏರುವುದಿಲ್ಲ. ಪ್ಲೇಟು ಸವೆದ ಪುಡಿ ಆಯಿಲ್ ಸೇರಿ ಗೇರ್‌ಬಾಕ್ಸಿನ ವಾಲ್ವ್‌ಗಳವರೆಗೂ ಹೋಗುತ್ತದೆ.

9.5 ಇಂಚಿನದು ಇದಕ್ಕೆ ಪೂರ್ತಿ ವಿರುದ್ಧ. ನಿಂತಲ್ಲೇ ಬೂಸ್ಟ್ ಸಿಗುತ್ತದೆ, ಹೊರಡುವಾಗಿನ ರಭಸ ನಿಜಕ್ಕೂ ಚೆನ್ನ. ಆದರೆ ಮಾಮೂಲಿ ಓಡಾಟದಲ್ಲಿ ಮೊದಲು ಎಂಜಿನ್ ಕೂಗುತ್ತದೆ, ಕಾರು ಆಮೇಲೆ ಹೊರಡುತ್ತದೆ. ತೂಕ ಜಾಸ್ತಿ ಇದ್ದಷ್ಟೂ ಈ ಜಾರಾಟ ಜಾಸ್ತಿ. ಜಾರಿದ್ದೆಲ್ಲ ಬಿಸಿಯಾಗಿ ಆಯಿಲ್‌ಗೇ ಸೇರುತ್ತದೆ. ದೊಡ್ಡ ಕೂಲರ್ ಇದ್ದರೂ ಉದ್ದನೆಯ ಏರಿನಲ್ಲಿ ಆಯಿಲ್ 120 ಡಿಗ್ರಿ ದಾಟಿತು. 90ರ ಆಸುಪಾಸಿನಲ್ಲಿದ್ದರೆ ಒಳ್ಳೆಯದು. ಇದರ ಸ್ಟೇಟರ್ (ಒಳಗೆ ಆಯಿಲ್ ಹರಿವನ್ನು ತಿರುಗಿಸಿ ಕೊಡುವ ಬ್ಲೇಡಿನ ಚಕ್ರ) ಹೊರಡುವಾಗ ಟಾರ್ಕನ್ನು ಎರಡು ಪಟ್ಟಿಗಿಂತ ಹೆಚ್ಚು ಮಾಡುತ್ತದೆ. ಟರ್ಬೊ ಎಂಜಿನ್‌ಗೆ ಅದು ಬೇಕಿಲ್ಲ, ಸುಮ್ನೆ ಟೈರು ತಿರುಗುತ್ತದೆ ಅಷ್ಟೇ. ಬರೀ ಡ್ರ್ಯಾಗ್ ಓಟಕ್ಕೆ ಇಟ್ಟ ಹಗುರ ಕಾರಾದರೆ ಮಾತು ಬೇರೆ.

10.5 ಇಂಚಿನದರ ಸ್ಟಾಲ್ ನನ್ನ ಎಂಜಿನ್ ಹಿಂದೆ 2,900ರ ಸುತ್ತ. ಟರ್ಬೊ ಏಳಲು ಅಷ್ಟು ಸಾಕು. ಟಾರ್ಕ್ ಹೆಚ್ಚಿಸುವುದು 1.8 ಪಟ್ಟು ಮಾತ್ರ, ಆದರೆ ಮೇಲಿನ ಆರ್‌ಪಿಎಂನಲ್ಲಿ ಬಿಗಿಯಾಗಿ ಹಿಡಿಯುತ್ತದೆ. ಮೂರನೇ ಗೇರಿನಲ್ಲಿ ಪೂರ್ತಿ ಬೂಸ್ಟ್ ಇದ್ದಾಗಲೂ ಲಾಕಪ್ ಜಾರುವುದಿಲ್ಲ. ಒಳಗಿನ ಬ್ಲೇಡುಗಳನ್ನು ಬೆಸೆದಿದ್ದಾರೆ, ಒತ್ತಡಕ್ಕೆ ಕವರ್ ಉಬ್ಬದಂತೆ ದಪ್ಪ ಮಾಡಿದ್ದಾರೆ. ಕವರ್ ಉಬ್ಬಿದರೆ ಅದು ಕ್ರ್ಯಾಂಕ್‌ಶಾಫ್ಟನ್ನು ಮುಂದಕ್ಕೆ ತಳ್ಳಿ, ಅದು ಹಿಂದೆಮುಂದೆ ಸರಿಯದಂತೆ ತಡೆಯುವ ಥ್ರಸ್ಟ್ ಬೇರಿಂಗನ್ನು ತಿನ್ನುತ್ತದೆ, ಹಾಗಾಗಿ ಇದರಲ್ಲಿ ಉಳಿತಾಯ ಬೇಡ. ಲಾಕ್ ಆಗುವಾಗ ಸಣ್ಣ ಜಗ್ಗು ಇದೆ, ಬೆಲೆಯೂ ಮೂರರಲ್ಲಿ ಹೆಚ್ಚು. ಎರಡನ್ನೂ ಒಪ್ಪಿದ್ದೇನೆ.

ಇನ್ನೊಂದು ವಿಷಯ. ಕನ್ವರ್ಟರ್ ಮಾರುವವರ ಪಟ್ಟಿಯಲ್ಲಿ ಬರೆದ ಸ್ಟಾಲ್ ಅಂಕಿ ಬೇರೊಂದು ಎಂಜಿನ್‌ನದ್ದಾಗಿರಬಹುದು. ಟಾರ್ಕ್ ಎರಡು ಪಟ್ಟಾದರೆ ಅದೇ ಕನ್ವರ್ಟರಿನ ಸ್ಟಾಲ್ ಸುಮಾರು 1.4 ಪಟ್ಟು ಏರುತ್ತದೆ. ಆದ್ದರಿಂದ ಮಾಡಿಸುವಾಗ ‘3,000 ಸ್ಟಾಲ್ ಕೊಡಿ’ ಅನ್ನಬೇಡಿ. ಕಾರಿನ ತೂಕ, ಡಿಫರೆನ್ಷಿಯಲ್ ಅನುಪಾತ, ಟೈರಿನ ಎತ್ತರ, ಯಾವ ಆರ್‌ಪಿಎಂಗೆ ಎಷ್ಟು ಬೂಸ್ಟ್ ಬರುತ್ತದೆ ಎಂಬುದನ್ನು ಬರೆದುಕೊಡಿ. ಸ್ಟಾಲ್ ಎಷ್ಟಿರಬೇಕು ಎನ್ನುವುದನ್ನು ಮಾಡುವವರೇ ಲೆಕ್ಕ ಹಾಕಲಿ.